ಎರಡು ಆಂಪ್, ಒಂದು ಬ್ಯಾಟರಿ: ಬಳ್ಳಾರಿಯಲ್ಲಿ ಸಿಗುವ ಮೂರು ಬಗೆಯ ವೈರಿಂಗ್ ಕಿಟ್‌ಗಳ ವಿಮರ್ಶೆ

ಬಳ್ಳಾರಿಯ ಕಾರ್ ಆಕ್ಸೆಸರೀಸ್ ಅಂಗಡಿಗೆ ಹೋಗಿ ಎರಡು ಆಂಪ್‌ಗೆ (ಸ್ಟೀರಿಯೋದ ದನಿ ಏರಿಸುವ ಆಂಪ್ಲಿಫೈಯರ್‌ಗೆ) ವೈರಿಂಗ್ ಕಿಟ್ ಕೇಳಿದರೆ ಕೌಂಟರ್ ಮೇಲೆ ಬರುವುದು ಬಹುತೇಕ ಒಂದೇ ಬಗೆಯ ಡಬ್ಬಿ. ಹೊರಗೆ '4 ಗೇಜ್' ಅಂತಲೂ ಸಾವಿರಗಟ್ಟಲೆ ವ್ಯಾಟ್ ಅಂತಲೂ ದಪ್ಪಕ್ಷರ. ಒಳಗೆ ಐದು ಮೀಟರ್ ಕೆಂಪು ಪವರ್ ಕೇಬಲ್, ಗಿಡ್ಡನೆಯ ಕರಿ ಅರ್ಥ್ ಕೇಬಲ್, ನೀಲಿ ರಿಮೋಟ್ ವೈರ್ (ಸ್ಟೀರಿಯೋ ಹಾಕಿದಾಗ ಆಂಪ್ ಆನ್ ಮಾಡುವುದು), ಒಂದು ಜೊತೆ ಆರ್‌ಸಿಎ (ಸ್ಟೀರಿಯೋದಿಂದ ಆಂಪ್‌ಗೆ ಹಾಡು ಒಯ್ಯುವ ವೈರ್), ಗಾಜಿನ ಫ್ಯೂಸಿನ ಹೋಲ್ಡರ್, ಒಂದಷ್ಟು ಥಿಂಬಲ್ (ಬೋಲ್ಟಿಗೆ ಬಿಗಿಯಲು ಕೇಬಲ್ ತುದಿಗೆ ಒತ್ತುವ ತೂತಿನ ತುಂಡು). ಸ್ವಲ್ಪ ಒತ್ತಿ ಕೇಳಿದರೆ ಒಳಗಿನಿಂದ ಎರಡನೇ ಬಗೆ ಹೊರಬರುತ್ತದೆ: 'ಓಎಫ್‌ಸಿ' (ಆಕ್ಸಿಜನ್ ಫ್ರೀ ಕಾಪರ್, ಅಂದರೆ ಶುದ್ಧ ತಾಮ್ರ) ಎಂದು ಬರೆದಿರುವ, ಕೈಗೆ ಭಾರವಾಗುವ, ಬೆಲೆಯಲ್ಲೂ ಭಾರವಾದ ಕಿಟ್. ಮೂರನೇ ಬಗೆ ಆಕ್ಸೆಸರೀಸ್ ಅಂಗಡಿಯಲ್ಲಿ ಸಿಗುವುದಿಲ್ಲ. ವೆಲ್ಡಿಂಗ್ ಸಾಮಾನು ಮಾರುವವರಲ್ಲಿ ಕೇಬಲನ್ನು ಮೀಟರ್ ಲೆಕ್ಕದಲ್ಲಿ ಕೊಂಡು, ಎಲೆಕ್ಟ್ರಿಕಲ್ ಅಂಗಡಿಯಿಂದ ಥಿಂಬಲ್ ತಂದು ಕೂಡಿಸಿಕೊಳ್ಳಬೇಕು.

ಅಭಿಪ್ರಾಯವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಸಣ್ಣದೊಂದು ಆಂಪ್ ಮಾತ್ರ ಇರುವ ಕಾರಿಗೆ ಡಬ್ಬಿಯ ಕಿಟ್ ನಡೆದೀತು. ಎರಡು ಆಂಪ್‌ಗೆ ಅದು ಬರೀ ಕಳಪೆ ಅಲ್ಲ, ಅಪಾಯ. ಓಎಫ್‌ಸಿ ಕಿಟ್ ಚೆನ್ನಾಗಿದೆ, ಕೊಂಡವರು ಮೋಸ ಹೋಗುವುದಿಲ್ಲ. ಕೊಟ್ಟ ದುಡ್ಡಿಗೆ ಅತಿ ಹೆಚ್ಚು ತಾಮ್ರ ಸಿಗುವುದು ಮಾತ್ರ ಮೂರನೆಯದರಲ್ಲಿ.

ಇದನ್ನು ಒಪ್ಪಬೇಕಾದರೆ ಹೊರೆ ಎಷ್ಟು ಎಂಬ ಲೆಕ್ಕ ಬೇಕು. ಸ್ವಿಫ್ಟ್‌ನಿಂದ ಸ್ಕಾರ್ಪಿಯೋವರೆಗೆ ಸಾಮಾನ್ಯವಾಗಿ ಕಾಣುವ ಜೋಡಿ ಎಂದರೆ ಬಾಗಿಲಿನ ಸ್ಪೀಕರ್‌ಗಳಿಗೆ ಒಂದು 4 ಚಾನೆಲ್ ಆಂಪ್, ಡಿಕ್ಕಿಯ ವೂಫರ್‌ಗೆ ಒಂದು ಮೋನೋ ಆಂಪ್. 4 ಚಾನೆಲ್‌ನದು ಕ್ಲಾಸ್ ಎಬಿ, ಚಾನೆಲ್‌ಗೆ 75 ವ್ಯಾಟ್ ಆರ್‌ಎಂಎಸ್ (ಎಡೆಬಿಡದೆ ಕೊಡಬಲ್ಲ ಶಕ್ತಿ) ಎಂದಿಟ್ಟುಕೊಳ್ಳಿ. ಒಟ್ಟು 300 ವ್ಯಾಟ್. ಕ್ಲಾಸ್ ಎಬಿ ಆಂಪ್ ತಾನು ಎಳೆದದ್ದರಲ್ಲಿ ಸುಮಾರು ಶೇ 60ರಷ್ಟನ್ನು ಸ್ಪೀಕರ್‌ಗೆ ಕೊಟ್ಟು ಉಳಿದದ್ದನ್ನು ಶಾಖವಾಗಿ ಬಿಡುತ್ತದೆ. ಹಾಗಾಗಿ ಬ್ಯಾಟರಿಯಿಂದ ಎಳೆಯುವುದು 500 ವ್ಯಾಟ್. ಎಂಜಿನ್ ಓಡುವಾಗಿನ 13.8 ವೋಲ್ಟ್‌ನಿಂದ ಭಾಗಿಸಿದರೆ 36 ಆಂಪಿಯರ್. ಮೋನೋ ಆಂಪ್ ಕ್ಲಾಸ್ ಡಿ, 2 ಓಮ್‌ಗೆ 500 ವ್ಯಾಟ್, ದಕ್ಷತೆ ಶೇ 80ರ ಆಸುಪಾಸು. ಅದಕ್ಕೆ 45 ಆಂಪಿಯರ್. ಎರಡೂ ಸೇರಿ 81. ಹಾಡು ನುಡಿಯುವಾಗ ಸರಾಸರಿ ಎಳೆತ ಇದಕ್ಕಿಂತ ಬಹಳ ಕಡಿಮೆ. ಆದರೆ ಡೋಲಿನ ಪೆಟ್ಟು ಬಿದ್ದ ಕ್ಷಣಕ್ಕೆ ಪೂರ್ತಿ 81 ಬೇಕು, ಕೇಬಲ್ ಆರಿಸುವುದು ಆ ಕ್ಷಣಕ್ಕಾಗಿ. ಆಂಪ್‌ನ ಡಬ್ಬಿಯ ಮೇಲಿನ 'ಪೀಕ್' ವ್ಯಾಟನ್ನು ಈ ಲೆಕ್ಕಕ್ಕೆ ತರಬೇಡಿ. ಆಂಪ್‌ನ ಬದಿಗೆ ಚುಚ್ಚಿರುವ ಫ್ಯೂಸ್‌ಗಳನ್ನು ಕೂಡಿಸಿದರೆ ಹೆಚ್ಚು ಪ್ರಾಮಾಣಿಕ ಅಂಕಿ ಸಿಗುತ್ತದೆ: 4 ಚಾನೆಲ್‌ಗೆ 20ರ ಎರಡು, ಮೋನೋಗೆ 30ರ ಎರಡು ಇದ್ದರೆ ಒಟ್ಟು 100 ಆಂಪಿಯರ್.

ಈಗ ಡಬ್ಬಿಯ ಕಿಟ್ ಬಿಚ್ಚಿ. ಗೇಜ್ ಸಂಖ್ಯೆ ಇಳಿದಷ್ಟೂ ತಂತಿ ದಪ್ಪ. 4 ಗೇಜ್ ಎಂದರೆ 21 ಸ್ಕ್ವೇರ್ ಎಂಎಂ ಲೋಹ ಇರಬೇಕು. ಅಗ್ಗದ ಕಿಟ್‌ನಲ್ಲಿ ಕೇಬಲ್ ಹೊರಗಿನಿಂದ ಬೆರಳಿನಷ್ಟು ದಪ್ಪ ಕಾಣುತ್ತದೆ, ಸಿಪ್ಪೆ ಸುಲಿದರೆ ಅರ್ಧಕ್ಕರ್ಧ ಪ್ಲಾಸ್ಟಿಕ್. ಒಳಗೆ 12 ಸ್ಕ್ವೇರ್ ಎಂಎಂ ಮಾತ್ರ ಇರುವ ಕೇಬಲ್ ಮೇಲೂ '4 ಗೇಜ್' ಎಂದು ಅಚ್ಚು ಹಾಕಿರುತ್ತಾರೆ. ಆ ಲೋಹವೂ ತಾಮ್ರವಲ್ಲ, ತಾಮ್ರದ ತೆಳು ಹೊದಿಕೆಯ ಅಲ್ಯೂಮಿನಿಯಂ. ಇದಕ್ಕೆ ಸಿಸಿಎ ಎನ್ನುತ್ತಾರೆ. "ಅಣ್ಣಾ, ಇದು ತಾಮ್ರ ಏನ್ರಿ?" ಎಂದರೆ "ಪ್ಯೂರ್ ಕಾಪರ್ ಐತ್ರೀ ಸಾರ್" ಎಂಬ ಉತ್ತರ ಸಿಗಬಹುದು. ಬಾಯಿಮಾತು ಬಿಟ್ಟು ಎಳೆಯನ್ನೇ ಕೇಳಿ. ಒಂದೆಳೆ ಹೊರಗೆಳೆದು ಬ್ಲೇಡಿನಿಂದ ಕೆರೆಯಿರಿ. ಒಳಗೆ ಬೆಳ್ಳಗೆ ಕಂಡರೆ ಅಲ್ಯೂಮಿನಿಯಂ. ಅದೇ ಎಳೆಯನ್ನು ಲೈಟರ್ ಉರಿಗೆ ಹಿಡಿಯಿರಿ. ತಾಮ್ರ ಕೆಂಪಗೆ ಕಾದು ನಿಲ್ಲುತ್ತದೆ, ಸಿಸಿಎ ಬಾಗಿ ಮುದುಡಿ ಹೋಗುತ್ತದೆ. ಅಲ್ಯೂಮಿನಿಯಂ ಕರಗುವುದು 660 ಡಿಗ್ರಿಗೆ, ತಾಮ್ರ 1085ಕ್ಕೆ, ಕಾರಣ ಇಷ್ಟೇ. ತವರ ಲೇಪಿಸಿದ ಒಳ್ಳೆಯ ತಾಮ್ರವೂ ಹೊರಗೆ ಬೆಳ್ಳಗಿರುತ್ತದೆ, ಅದನ್ನು ಕಂಡು ತಿರಸ್ಕರಿಸಬೇಡಿ. ಕತ್ತರಿಸಿದ ತುದಿ ಕೆಂಪಗಿದ್ದರೆ ಅದು ತಾಮ್ರವೇ. ತೂಕವೂ ಸುಳ್ಳು ಹೇಳುವುದಿಲ್ಲ. 25 ಸ್ಕ್ವೇರ್ ಎಂಎಂ ತಾಮ್ರದ ಹತ್ತು ಸೆಂಟಿಮೀಟರ್ ತುಂಡು, ಸಿಪ್ಪೆ ತೆಗೆದ ಮೇಲೆ, 22 ಗ್ರಾಂ ತೂಗಬೇಕು. ಅದೇ ಅಳತೆಯ ಸಿಸಿಎ ಹತ್ತು ಗ್ರಾಂ ಕೂಡ ಬರುವುದಿಲ್ಲ.

ಸಿಸಿಎಯ ರೋಧ, ಅಂದರೆ ಕರೆಂಟಿಗೆ ಒಡ್ಡುವ ತಡೆ, ತಾಮ್ರದ ಸುಮಾರು 1.6 ಪಟ್ಟು. ಐದು ಮೀಟರ್ ಉದ್ದದ 12 ಸ್ಕ್ವೇರ್ ಎಂಎಂ ಸಿಸಿಎ ಕೇಬಲ್‌ನಲ್ಲಿ 81 ಆಂಪಿಯರ್ ಹರಿದಾಗ ದಾರಿಯಲ್ಲೇ 0.9 ವೋಲ್ಟ್ ಕಳೆದುಹೋಗುತ್ತದೆ. ನಿಜವಾದ 4 ಗೇಜ್ ತಾಮ್ರದಲ್ಲಿ ಇದು 0.33, 35 ಸ್ಕ್ವೇರ್ ಎಂಎಂ ತಾಮ್ರದಲ್ಲಿ 0.2. 0.9 ವೋಲ್ಟ್‌ನಿಂದ ಏನು ಮಹಾ ಎನ್ನಿಸಬಹುದು. ಆದರೆ ಹೆಚ್ಚಿನ ಆಂಪ್‌ಗಳ ಗರಿಷ್ಠ ಶಕ್ತಿ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ, 13.8 ಇದ್ದದ್ದು 12.9 ಆದರೆ ಎಂಟನೇ ಒಂದು ಭಾಗ ಶಕ್ತಿ ಹೋಯಿತು. ಕಾರ್ಪೆಟ್ ಕೆಳಗೆ ಆ ಕ್ಷಣಕ್ಕೆ 75 ವ್ಯಾಟ್ ಶಾಖ ಹುಟ್ಟುತ್ತದೆ ಎನ್ನುವುದು ಬೇರೆ. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಭಾಗದ ಮಾನ್ವಿ ರೈತರ ಕಷ್ಟವೇ ಇಲ್ಲಿ ಡಿಕ್ಕಿಯ ಆಂಪ್‌ನದು: ಡ್ಯಾಮಿನಲ್ಲಿ ನೀರಿದೆ, ಗೇಟೂ ತೆರೆದಿದೆ, ಹೊಲಕ್ಕೆ ಮಾತ್ರ ಮುಟ್ಟುತ್ತಿಲ್ಲ. ಒಂದೇ ಸಪೂರ ಕೇಬಲ್ ಹಂಚಿಕೊಂಡ ಎರಡು ಆಂಪ್‌ಗಳಲ್ಲಿ ವೂಫರ್ ಬಡಿದಾಗಲೆಲ್ಲ 4 ಚಾನೆಲ್‌ನ ದನಿಯೂ ಒಡೆಯುತ್ತದೆ. ಹಲವರು ಇದನ್ನು ಸ್ಪೀಕರ್ ದೋಷವೆಂದು ತಿಳಿದು ಸ್ಪೀಕರ್ ಬದಲಿಸುತ್ತಾರೆ.

ನಿಜವಾದ ಅಪಾಯ ಫ್ಯೂಸಿನಲ್ಲಿದೆ. ಫ್ಯೂಸ್ ಇರುವುದು ಆಂಪ್ ಕಾಯಲಿಕ್ಕಲ್ಲ, ಕೇಬಲ್ ಕಾಯಲಿಕ್ಕೆ. 12 ಸ್ಕ್ವೇರ್ ಎಂಎಂ ಸಿಸಿಎಗೆ 60 ಆಂಪಿಯರ್ ಮೀರಬಾರದು. ಅದಕ್ಕೆ ಎರಡು ಆಂಪ್ ಜೋಡಿಸಿದರೆ 60ರ ಫ್ಯೂಸ್ ಪದೇ ಪದೇ ಹಾರುತ್ತದೆ, ಆಗ ಯಾರೋ 100ರದ್ದನ್ನು ಹಾಕುತ್ತಾರೆ. ಅಲ್ಲಿಗೆ ಕೇಬಲ್ಲೇ ಫ್ಯೂಸ್ ಆಯಿತು. ಕೇಬಲ್ ಕಾರಿನ ಬಾಡಿಗೆ ಎಲ್ಲಾದರೂ ಉಜ್ಜಿದರೆ ಫ್ಯೂಸಿಗಿಂತ ಮೊದಲು ಸಿಪ್ಪೆ ಹೊತ್ತಿಕೊಳ್ಳುತ್ತದೆ. ಕಿಟ್‌ನಲ್ಲಿ ಬರುವ ಗಾಜಿನ ಕೊಳವೆ ಫ್ಯೂಸ್ ಇನ್ನೊಂದು ತಲೆನೋವು. ಎರಡೂ ತುದಿಯ ಟೋಪಿ ಸ್ಪ್ರಿಂಗಿನ ಒತ್ತಡದಲ್ಲಿ ಮಾತ್ರ ಕೂತಿರುತ್ತದೆ, ಬಾನೆಟ್ ಒಳಗಿನ ಬಿಸಿಗೆ ಸಡಿಲಾಗುತ್ತದೆ, ಸಡಿಲಾದದ್ದು ಇನ್ನಷ್ಟು ಕಾಯುತ್ತದೆ. ಏಪ್ರಿಲ್–ಮೇನಲ್ಲಿ ಹೊರಗೇ 40 ಡಿಗ್ರಿ ದಾಟುವ ಬಳ್ಳಾರಿ, ರಾಯಚೂರಿನಲ್ಲಿ ಫ್ಯೂಸ್ ಸುಟ್ಟಿಲ್ಲದಿದ್ದರೂ ಹೋಲ್ಡರ್ ಕರಗಿ ಕಂದಾಗಿರುವುದು ಇದರಿಂದಲೇ. ಎರಡು ಆಂಪ್‌ಗೆ ಚಪ್ಪಟೆ ಎಎನ್‌ಎಲ್ ಫ್ಯೂಸೇ ಸರಿ, ಅದು ನಟ್ಟು ಬಿಗಿದು ಕೂರುತ್ತದೆ.

ಓಎಫ್‌ಸಿ ಕಿಟ್ ಬಗ್ಗೆ ಹೆಚ್ಚು ದೂರಿಲ್ಲ. 4 ಗೇಜ್ ಎಂದರೆ 4 ಗೇಜ್ ಇರುತ್ತದೆ, ಎಳೆಗಳು ನವಿರು, ಸಿಪ್ಪೆ ಮೃದು, ಎಎನ್‌ಎಲ್ ಹೋಲ್ಡರ್ ಗಟ್ಟಿ. ಕೊರತೆ ಎಂದರೆ ಡಿಸ್ಟ್ರಿಬ್ಯೂಷನ್ ಬ್ಲಾಕ್, ಅಂದರೆ ಒಂದು ಕೇಬಲನ್ನು ಎರಡು ಆಂಪ್‌ಗೆ ಕವಲೊಡೆಸುವ ತುಂಡು. ಎರಡು ಆಂಪ್ ಕಿಟ್ ಎಂದು ಮಾರುವ ಕೆಲವು ಡಬ್ಬಿಗಳಲ್ಲಿ ಫ್ಯೂಸ್ ಇಲ್ಲದ ಬರೀ ಕವಲು ಬ್ಲಾಕ್ ಕೊಡುತ್ತಾರೆ. ಕವಲಿನಿಂದ ಆಂಪ್‌ಗೆ ಹೋಗುವುದು 8 ಗೇಜ್, ಅಂದರೆ 8.4 ಸ್ಕ್ವೇರ್ ಎಂಎಂ. ಮುಂದೆ ಇರುವ 100ರ ಫ್ಯೂಸ್ ಅದನ್ನು ಕಾಯುವುದಿಲ್ಲ. ಆ ಬ್ಲಾಕ್ ಬದಿಗಿಟ್ಟು ಪ್ರತಿ ಕವಲಿಗೂ ಫ್ಯೂಸ್ ಇರುವ ಬ್ಲಾಕ್ ಬೇರೆ ಕೊಳ್ಳಿ. ನಮ್ಮ ಲೆಕ್ಕದ ಜೋಡಿಗೆ 4 ಚಾನೆಲ್ ಕಡೆ 40, ಮೋನೋ ಕಡೆ 60. ಓಎಫ್‌ಸಿ ಎಂದು ಅಚ್ಚಾಗಿದ್ದರೂ ಬ್ಲೇಡಿನ ಪರೀಕ್ಷೆ ಬಿಡಬಾರದು.

ಮೂರನೇ ದಾರಿ ನಮ್ಮ ಭಾಗಕ್ಕೆ ಹೇಳಿ ಮಾಡಿಸಿದ್ದು. ತೋರಣಗಲ್ಲು, ಕುಡಿತಿನಿ, ಗಿಣಿಗೇರಿ ಸುತ್ತ ಫ್ಯಾಬ್ರಿಕೇಷನ್ ಕೆಲಸ ಇರುವುದರಿಂದ ತಾಮ್ರದ ವೆಲ್ಡಿಂಗ್ ಕೇಬಲ್ ಹುಡುಕಿ ಅಲೆಯಬೇಕಾಗಿಲ್ಲ. 25, 35, 50 ಸ್ಕ್ವೇರ್ ಎಂಎಂ ಅಳತೆಗಳಲ್ಲಿ ಬರುತ್ತದೆ. 25 ಎಂದರೆ 4 ಗೇಜ್‌ಗಿಂತ ಒಂದು ಕೈ ಮೇಲು, 35 ಎಂದರೆ 2 ಗೇಜ್‌ಗೆ ಸಮ, 50 ಎಂದರೆ 1/0 ಗೇಜ್‌ಗೆ ಹತ್ತಿರ. ಕೂದಲೆಳೆಯಂಥ ನೂರಾರು ತಂತಿಗಳಿರುವುದರಿಂದ ಡ್ಯಾಶ್‌ಬೋರ್ಡ್ ಕೆಳಗೆ ಸಲೀಸಾಗಿ ಬಾಗುತ್ತದೆ. ಸಿಪ್ಪೆಯ ಮೇಲೆ ಐಎಸ್ 9857 ಮುದ್ರೆ ನೋಡಿ, ಎಚ್‌ಓಎಫ್‌ಆರ್ ಎಂಬ ಬಗೆಯನ್ನೇ ಕೇಳಿ. ಅದು ಬಿಸಿ, ಎಣ್ಣೆ ಎರಡನ್ನೂ ತಡೆಯುವ, ಬೆಂಕಿ ಬೇಗ ಹರಡಗೊಡದ ರಬ್ಬರ್. ಅಲ್ಯೂಮಿನಿಯಂ ವೆಲ್ಡಿಂಗ್ ಕೇಬಲ್ ಕೂಡ ಮಾರುಕಟ್ಟೆಯಲ್ಲಿದೆ, ಆದ್ದರಿಂದ ತುದಿ ಕತ್ತರಿಸಿ ನೋಡಿಯೇ ದುಡ್ಡು ಕೊಡಿ. ಒಂದೇ ಅವಗುಣ: ಸಿಪ್ಪೆ ದಪ್ಪ, ಸಣ್ಣ ಕಾರಿನ ಬಾಗಿಲ ಹೊಸ್ತಿಲಿನ ಪಟ್ಟಿಯ ಕೆಳಗೆ 50 ಸ್ಕ್ವೇರ್ ಎಂಎಂ ಕೂರುವುದಿಲ್ಲ. ನಮ್ಮ ಜೋಡಿಗೆ 35 ಸಾಕು.

ಇದಕ್ಕೆ ಬೇಕಾದ ಪಟ್ಟಿ ದೊಡ್ಡದೇನಲ್ಲ. 35 ಸ್ಕ್ವೇರ್ ಎಂಎಂ ಕೇಬಲ್ ಆರು ಮೀಟರ್, ಅದರಲ್ಲೇ ಅರ್ಥ್ ತುಂಡೂ ಬರಲಿ. ಸ್ಕಾರ್ಪಿಯೋ, ಇನ್ನೋವಾ ಆದರೆ ಏಳು ಮೀಟರ್. ಕವಲುಗಳಿಗೆ 4 ಚಾನೆಲ್‌ಗೆ 10, ಮೋನೋಗೆ 16 ಸ್ಕ್ವೇರ್ ಎಂಎಂ ತಾಮ್ರ, ಪ್ಲಸ್‌ಗೊಂದು ಮೈನಸ್‌ಗೊಂದು ತಲಾ ಅರ್ಧ ಮೀಟರ್. 100 ಆಂಪಿಯರ್ ಎಎನ್‌ಎಲ್ ಫ್ಯೂಸ್ ಮತ್ತು ಹೋಲ್ಡರ್. ಫ್ಯೂಸ್ ಇರುವ ಪವರ್ ಬ್ಲಾಕ್ ಒಂದು, ಅರ್ಥ್‌ಗೆ ಸಾದಾ ಬ್ಲಾಕ್ ಒಂದು. 8 ಎಂಎಂ ತೂತಿನ ತಾಮ್ರದ ಥಿಂಬಲ್‌ಗಳು, ರಬ್ಬರ್ ಗ್ರಾಮೆಟ್ (ತಗಡಿನ ತೂತಿನ ಅಂಚಿಗೆ ಹಾಕುವ ಬಳೆ), ಕೇಬಲ್ ಹಾಯುವಷ್ಟು ಫ್ಲೆಕ್ಸಿಬಲ್ ಪೈಪ್. ಥಿಂಬಲನ್ನು ಸುತ್ತಿಗೆಯಿಂದ ಚಪ್ಪಟೆ ಮಾಡುವುದಾಗಲಿ ಪ್ಲೈಯರ್‌ನಿಂದ ಒತ್ತುವುದಾಗಲಿ ಬೇಡ. ಪ್ಯಾನೆಲ್ ಬೋರ್ಡ್ ಮಾಡುವವರ ಹತ್ತಿರ ಹೈಡ್ರಾಲಿಕ್ ಕ್ರಿಂಪಿಂಗ್ ಟೂಲ್ ಇರುತ್ತದೆ, ಅಳತೆ ಹಾಕಿಕೊಂಡು ಹೋಗಿ ಅಲ್ಲೇ ಒತ್ತಿಸಿಕೊಂಡು ಬನ್ನಿ. ಒತ್ತಿದ ಮೇಲೆ ಜೋರಾಗಿ ಜಗ್ಗಿ ನೋಡಿ.

ಕೂಡಿಸುವ ಕೆಲಸ ಶುರುವಾಗುವುದು ಬ್ಯಾಟರಿಯ ಮೈನಸ್ ಬಿಚ್ಚುವುದರಿಂದ. ಮುಖ್ಯ ಫ್ಯೂಸ್ ಬ್ಯಾಟರಿಯ ಪ್ಲಸ್‌ನಿಂದ 45 ಸೆಂಟಿಮೀಟರ್ ಒಳಗೇ ಇರಬೇಕು. ಆ ತುಂಡಿಗೆ ಯಾವ ರಕ್ಷಣೆಯೂ ಇಲ್ಲ, ಆದ್ದರಿಂದ ಅದು ಗಿಡ್ಡವಿದ್ದಷ್ಟೂ ಒಳ್ಳೆಯದು. ಎಂಜಿನ್ ಗೋಡೆ ದಾಟುವಲ್ಲಿ ಗ್ರಾಮೆಟ್ ಕಡ್ಡಾಯ. ತಗಡಿನ ಅಂಚು ರಬ್ಬರನ್ನು ಕೊರೆಯಲು ಸಿಂಧನೂರು ರಸ್ತೆಯ ಒಂದು ಮಳೆಗಾಲ ಸಾಕು. ಪವರ್ ಕೇಬಲ್ ಒಂದು ಬದಿಯ ಹೊಸ್ತಿಲಿನಲ್ಲಿ ಹೋದರೆ ಆರ್‌ಸಿಎ ಇನ್ನೊಂದು ಬದಿಯಲ್ಲಿ ಹೋಗಲಿ, ಅಡ್ಡ ಹಾಯಲೇಬೇಕಾದಲ್ಲಿ 90 ಡಿಗ್ರಿ ಕೋನದಲ್ಲಿ ಹಾಯಲಿ. ಫ್ಯೂಸನ್ನು ಎಲ್ಲ ಮುಗಿದ ಮೇಲೆ ಕಟ್ಟಕಡೆಗೆ ಕೂರಿಸಿ.

ಎರಡು ಆಂಪ್‌ಗಳ ಕೆಲಸ ಕೆಡುವುದು ಹೆಚ್ಚಾಗಿ ಅರ್ಥ್‌ನಲ್ಲಿ. ಒಂದಕ್ಕೆ ಇಲ್ಲಿ, ಇನ್ನೊಂದಕ್ಕೆ ಅಲ್ಲಿ ಎಂದು ಸಿಕ್ಕ ಬೋಲ್ಟಿಗೆ ಕಟ್ಟಿದರೆ ಎರಡು ಜಾಗಗಳ ನಡುವೆ ಸಣ್ಣ ವೋಲ್ಟೇಜ್ ವ್ಯತ್ಯಾಸ ಹುಟ್ಟಿ, ಆರ್‌ಸಿಎಯ ಹೊರಕವಚದ ಮೂಲಕ ಕರೆಂಟ್ ಹರಿಯುತ್ತದೆ. ಆಕ್ಸಿಲರೇಟರ್ ಒತ್ತಿದಂತೆ ಏರುವ 'ಕುಂಯ್' ಶಬ್ದ ಅದೇ. ಎರಡೂ ಆಂಪ್‌ಗಳ ಮೈನಸ್ಸನ್ನು ಅರ್ಥ್ ಬ್ಲಾಕ್‌ಗೆ ತಂದು, ಅಲ್ಲಿಂದ ಒಂದೇ 35 ಸ್ಕ್ವೇರ್ ಎಂಎಂ ತುಂಡು, ಅರ್ಧ ಮೀಟರ್ ಮೀರದಂತೆ, ಬಾಡಿಗೆ ಬಿಗಿಯಿರಿ. ಜಾಗ ಆರಿಸುವಾಗ ಬಾಡಿಗೆ ವೆಲ್ಡ್ ಆಗಿರುವ ದಪ್ಪ ತಗಡು ನೋಡಿ. ರೂಪಾಯಿ ಅಗಲದಷ್ಟು ಪೇಂಟ್ ಮತ್ತು ಪ್ರೈಮರ್ ಕೆರೆದು ಹೊಳೆಯುವ ತಗಡು ಕಾಣಬೇಕು. 8 ಎಂಎಂ ಬೋಲ್ಟ್, ಹಲ್ಲಿನ ವಾಷರ್, ಬಿಗಿದ ಮೇಲೆ ಮೇಲಿಂದ ಗ್ರೀಸ್ ಅಥವಾ ಪೇಂಟ್, ತುಕ್ಕು ಹಿಡಿಯದಂತೆ. ಸೀಟ್ ಬೆಲ್ಟಿನ ಬೋಲ್ಟನ್ನು ಮುಟ್ಟಲೇಬೇಡಿ, ಅದು ಜೀವ ಹಿಡಿಯುವ ಬೋಲ್ಟ್. ಡ್ರಿಲ್ ಹಾಕುವ ಮುನ್ನ ಕಾರಿನ ಕೆಳಗೆ ತೂರಿ ಪೆಟ್ರೋಲ್ ಟ್ಯಾಂಕ್, ಬ್ರೇಕ್ ಪೈಪ್ ಎಲ್ಲಿವೆ ನೋಡಿಕೊಳ್ಳಿ.

ಬ್ಯಾಟರಿ ಮೈನಸ್‌ನಿಂದ ಬಾಡಿಗೆ ಹೋಗುವ ಕಂಪನಿ ಕೇಬಲ್ ಸಪೂರ ಇರುತ್ತದೆ, ಅದರ ಜೊತೆಗೆ 35ರ ಇನ್ನೊಂದು ತುಂಡು ಹಾಕಿದರೆ ಒಳ್ಳೆಯದು. ಸಿಗ್ನಲ್‌ನಲ್ಲಿ ತಾನಾಗಿ ಎಂಜಿನ್ ನಿಲ್ಲಿಸುವ ಕಾರುಗಳಲ್ಲಿ ಮೈನಸ್ ಟರ್ಮಿನಲ್ ಮೇಲೆ ಒಂದು ಸೆನ್ಸರ್ ಇರುತ್ತದೆ. ಹೊಸ ಕೇಬಲನ್ನು ಸೆನ್ಸರ್ ದಾಟಿದ ಬದಿಗೆ ಕಟ್ಟಬೇಕು. ನೇರ ಬ್ಯಾಟರಿಗೆ ಕಟ್ಟಿದರೆ ಚಾರ್ಜಿಂಗ್ ಲೆಕ್ಕ ತಪ್ಪುತ್ತದೆ.

ರಿಮೋಟ್ ವೈರ್ ಸಣ್ಣ ವಿಷಯ ಎನಿಸುತ್ತದೆ, ಸ್ಟೀರಿಯೋ ಕೆಡುವುದು ಅಲ್ಲಿಂದಲೇ. ಸ್ಟೀರಿಯೋದ ನೀಲಿ-ಬಿಳಿ ವೈರ್ ಸಾಮಾನ್ಯವಾಗಿ ಅರ್ಧ ಆಂಪಿಯರ್ ಒಳಗೆ ಮಾತ್ರ ಕೊಡಬಲ್ಲದು. ಎರಡು ಆಂಪ್‌ಗೆ ಸಾಕು. ಅದಕ್ಕೇ ಕೂಲಿಂಗ್ ಫ್ಯಾನನ್ನೂ ಕಟ್ಟಿದರೆ ಸುಟ್ಟುಹೋಗುತ್ತದೆ. ಫ್ಯಾನ್ ಅಥವಾ ಮೂರನೇ ಆಂಪ್ ಇದ್ದರೆ ಹಾರ್ನ್‌ಗೆ ಬಳಸುವ ನಾಲ್ಕು ಕಾಲಿನ ರಿಲೇ ಹಾಕಿ, ಕಾಲುಗಳ ನಂಬರ್ ನೋಡಿಕೊಂಡು: 86ಕ್ಕೆ ಸ್ಟೀರಿಯೋದ ರಿಮೋಟ್, 85 ಅರ್ಥ್‌ಗೆ, 30ಕ್ಕೆ 5 ಆಂಪಿಯರ್ ಫ್ಯೂಸ್ ಮೂಲಕ ಬ್ಯಾಟರಿ, 87ರಿಂದ ಆಂಪ್‌ಗಳಿಗೆ ಮತ್ತು ಫ್ಯಾನ್‌ಗೆ. 85–86ರ ನಡುವೆ ಒಂದು 1ಎನ್4007 ಡಯೋಡ್, ಬಿಳಿ ಪಟ್ಟೆ 86ರ ಕಡೆಗೆ. ಬರೀ ನೀಲಿ ವೈರ್ ಆಂಟೆನಾದ್ದು, ಕೆಲವು ಸ್ಟೀರಿಯೋಗಳಲ್ಲಿ ಅದು ರೇಡಿಯೋ ಹಾಕಿದಾಗ ಮಾತ್ರ ಜೀವ ತಳೆಯುತ್ತದೆ.

ಕಂಪನಿ ಸ್ಟೀರಿಯೋ ಉಳಿಸಿಕೊಂಡವರು ಹೈ-ಲೆವೆಲ್ ಇನ್‌ಪುಟ್ (ಸ್ಪೀಕರ್ ವೈರಿನಿಂದಲೇ ಸಿಗ್ನಲ್ ತೆಗೆದುಕೊಳ್ಳುವ ವ್ಯವಸ್ಥೆ) ಇರುವ ಆಂಪ್ ಆರಿಸಿಕೊಳ್ಳಬೇಕು, ವೈರ್ ಕತ್ತರಿಸದೆ ಕಪ್ಲರ್ ಬಳಸಿದರೆ ವಾರಂಟಿ ಜಗಳ ಬರುವ ಸಾಧ್ಯತೆ ಕಡಿಮೆ. ಗೇನ್ ಎಂಬುದು ವಾಲ್ಯೂಮ್ ಅಲ್ಲ, ಸ್ಟೀರಿಯೋದ ಸಿಗ್ನಲ್‌ಗೆ ಆಂಪನ್ನು ಹೊಂದಿಸುವ ತಿರುಪು. ಸ್ಪೀಕರ್ ಬಿಚ್ಚಿ, ಬಾಸ್ ಬೂಸ್ಟ್ ಸೊನ್ನೆಗಿಟ್ಟು, ಸ್ಟೀರಿಯೋ ವಾಲ್ಯೂಮ್ ಮುಕ್ಕಾಲಿಗೆ ತಂದು, 50 ಹರ್ಟ್ಸ್ ಟೋನ್ ಹಾಕಿ ಮೋನೋ ಆಂಪ್‌ನ ಔಟ್‌ಪುಟ್ಟನ್ನು ಎಸಿ ವೋಲ್ಟ್‌ನಲ್ಲಿ ಅಳೆಯಿರಿ. 2 ಓಮ್‌ಗೆ 500 ವ್ಯಾಟ್ ಎಂದರೆ 31.6 ವೋಲ್ಟ್, ಅಷ್ಟು ಬರುವವರೆಗೆ ಗೇನ್ ತಿರುಗಿಸಿ. 4 ಚಾನೆಲ್‌ನಲ್ಲಿ ಫಿಲ್ಟರ್ ಆಫ್ ಮಾಡಿ 200 ಹರ್ಟ್ಸ್ ಹಾಕಿ, 4 ಓಮ್‌ಗೆ 75 ವ್ಯಾಟ್ ಎಂದರೆ 17.3 ವೋಲ್ಟ್. ಅಗ್ಗದ ಮಲ್ಟಿಮೀಟರ್ ಒಂದು ಸಾವಿರ ಹರ್ಟ್ಸ್‌ನಲ್ಲಿ ತಪ್ಪು ತೋರಿಸುವುದರಿಂದ ಕೆಳಗಿನ ಟೋನೇ ಸುರಕ್ಷಿತ. ಆಮೇಲೆ ಬಾಗಿಲಿನ ಸ್ಪೀಕರ್‌ಗೆ 80 ಹರ್ಟ್ಸ್ ಹೈಪಾಸ್ (ಅದಕ್ಕಿಂತ ಕೆಳಗಿನ ದನಿ ತಡೆಯುವ ಫಿಲ್ಟರ್), ವೂಫರ್‌ಗೆ 80 ಲೋಪಾಸ್ (ಮೇಲಿನ ದನಿ ತಡೆಯುವುದು).

ಕಿಟ್ ಜೊತೆಗೆ 1 ಫ್ಯಾರಡ್ ಕೆಪಾಸಿಟರ್ ಕೊಳ್ಳಿ ಎಂದು ಒತ್ತಾಯ ಬರುತ್ತದೆ. ಬೇಡ. ವೋಲ್ಟೇಜ್ 13.8ರಿಂದ 12.8ಕ್ಕೆ ಇಳಿಯುವಾಗ ಅದು ಕೊಡಬಲ್ಲದ್ದು 13 ಜೂಲ್. ಸಾವಿರ ವ್ಯಾಟ್ ಎಳೆಯುವ ಜೋಡಿಗೆ ಸೆಕೆಂಡಿನ ನೂರರ ಒಂದು ಭಾಗ ಚಿಲ್ಲರೆ. ಹೆಡ್‌ಲೈಟ್ ಮಿಣುಕುತ್ತಿದ್ದರೆ ಆ ದುಡ್ಡು ಕೇಬಲ್‌ಗೆ ಹೋಗಲಿ. ಅಷ್ಟಾದರೂ ಮಿಣುಕಿದರೆ ಆಲ್ಟರ್ನೇಟರ್ ಮೇಲಿನ ಆಂಪಿಯರ್ ಓದಿ ನೋಡಿ. ಎಸಿ, ಹೆಡ್‌ಲೈಟ್, ಫ್ಯಾನ್ ಕಳೆದು ಉಳಿಯುವುದು ನಿಮ್ಮ ಹಾಡಿಗೆ.

ಆಂಪ್‌ಗಳ ಜಾಗದ ಬಗ್ಗೆ ಒಂದು ಮಾತು. ವೂಫರ್ ಬಾಕ್ಸಿನ ಮೇಲೇ ಬಿಗಿದರೆ ಅದುರಿ ಅದುರಿ ಬೆಸುಗೆ ಬಿಡುತ್ತದೆ. ಎರಡನ್ನೂ ಒಂದರ ಮೇಲೊಂದು ಜೋಡಿಸಬಾರದು, ನಡುವೆ ನಾಲ್ಕು ಬೆರಳು ಗಾಳಿ ಬೇಕು. ಸಂಡೂರು, ತೋರಣಗಲ್ಲು ಕಡೆ ದಿನಾ ಓಡಾಡುವ ಗಾಡಿಗಳಲ್ಲಿ ಕೆಂಪು ಧೂಳು ಫ್ಯಾನಿನ ರೆಕ್ಕೆ, ಆಂಪ್‌ನ ಏಣುಗಳ ನಡುವೆ ಗಟ್ಟಿಯಾಗಿ ಕೂತುಬಿಡುತ್ತದೆ. ಬೇಸಿಗೆಯಲ್ಲಿ ಆಂಪ್ ಅರ್ಧ ಗಂಟೆಗೇ ಪ್ರೊಟೆಕ್ಟ್‌ಗೆ ಹೋಗುತ್ತಿದ್ದರೆ, ಅಂದರೆ ಕಾದು ತಾನಾಗಿ ಬಂದ್ ಆಗುತ್ತಿದ್ದರೆ, ಮೊದಲು ಬ್ಲೋವರ್ ಹಿಡಿಯಿರಿ, ಮೆಕ್ಯಾನಿಕ್ ಆಮೇಲೆ.

ಫಿಟ್ಟಿಂಗ್ ಅಂಗಡಿಯಲ್ಲೇ ಮಾಡಿಸುವವರು ಕಾರು ತೆಗೆದುಕೊಳ್ಳುವ ಮುನ್ನ ಎರಡು ಅಳತೆ ಕೇಳಿ. ಎಂಜಿನ್ ಓಡುತ್ತಾ ಬಾಸ್ ಜೋರಾಗಿ ನುಡಿಯುವಾಗ, ಡಿಸಿ ವೋಲ್ಟ್‌ನಲ್ಲಿ, ಬ್ಯಾಟರಿ ಪ್ಲಸ್‌ಗೂ ಆಂಪ್ ಪ್ಲಸ್‌ಗೂ ನಡುವೆ ಅರ್ಧ ವೋಲ್ಟ್ ಮೀರಬಾರದು. ಬ್ಯಾಟರಿ ಮೈನಸ್‌ಗೂ ಆಂಪ್ ಮೈನಸ್‌ಗೂ ನಡುವೆ 0.2 ಮೀರಬಾರದು. ಮೊದಲನೆಯದು ಜಾಸ್ತಿ ಬಂದರೆ ಕೇಬಲ್ ಅಥವಾ ಫ್ಯೂಸ್ ಹೋಲ್ಡರ್, ಎರಡನೆಯದು ಜಾಸ್ತಿ ಬಂದರೆ ಅರ್ಥ್ ಬೋಲ್ಟಿನ ಕೆಳಗೆ ಪೇಂಟ್ ಉಳಿದಿರಬಹುದು. ಹದಿನೈದು ದಿನ ಓಡಾಡಿದ ಮೇಲೆ ಬ್ಲಾಕ್ ಮತ್ತು ಆಂಪ್‌ಗಳ ಸ್ಕ್ರೂಗಳನ್ನು ಮತ್ತೊಮ್ಮೆ ಬಿಗಿಸಿ, ಎಳೆಗಳು ಒತ್ತಡಕ್ಕೆ ಕೂತು ಸಡಿಲಾಗಿರುತ್ತವೆ. ಆಗಲೇ ಹಾಡು ಹಾಕಿ ಒಂದು ಸುತ್ತು ಬಂದು ಫ್ಯೂಸ್ ಹೋಲ್ಡರ್ ಮುಟ್ಟಿ ನೋಡಿ. ಪಕ್ಕದ ಕೇಬಲ್‌ಗಿಂತ ಅದು ಬಿಸಿಯಾಗಿದ್ದರೆ ನಟ್ಟು ಬಿಚ್ಚಿ, ಉಜ್ಜಿ, ಮತ್ತೆ ಬಿಗಿಯಬೇಕು.